ಬಿಸ್ಕಿಟು ಡಬ್ಬಿಯಲ್ಲಿ ಬಂಟ್ವಾಳದ ಪ್ರಯಾಣಿಕರು

ನನ್ನ ತಂದೆಯನ್ನು ಬಿಸ್ಕಿಟಿನ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದವರ ಮೇಲಿನ ಸಿಟ್ಟು ಇಂದಿಗೂ ಇಳಿದಿಲ್ಲ. ತಂದೆ ಎಂದರೆ ತಂತಿ ಮತ್ತು ಎಂ-ಸೀಲಿನಲ್ಲಿ ನಾನೇ ಮಾಡಿದ ಒಂದಂಗುಲದ ತಂದೆ. ಕಂಕುಳಲ್ಲಿ ಕೊಡೆ ಸಿಕ್ಕಿಸಿ ಬಂಟ್ವಾಳ ಸ್ಟೇಷನ್ನಿನಲ್ಲಿ ಮಂಗಳೂರಿನ ಗಾಡಿಗೆ ಕಾಯುತ್ತಿರುವವರು. ಅಸಲು ತಂದೆ ತೀರಿಹೋಗಿ ಬಹಳ ವರ್ಷವಾಯಿತು. ಅವರನ್ನು ಡಬ್ಬಿಗೆ ತುಂಬುವ ಧೈರ್ಯ ಬದುಕಿದ್ದಾಗ ಯಾರಿಗೂ ಇರಲಿಲ್ಲ.

ಚಿತ್ರಕಲಾ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ನಾನು ಮೂಡುಬಿದಿರೆಯ ಒಂದು ಹೋಟೆಲಿನ ಮಾಳಿಗೆಯಲ್ಲಿ ತಿಂಗಳಿಗೊಮ್ಮೆ ಕೂಡುವ ಪುಟ್ಟ ರೈಲಿನವರ ಬಳಗ ಸೇರಿದೆ. ಅವರ ರೈಲುಗಳೆಲ್ಲ ಅಸಲಿನ ಎಂಬತ್ತೇಳನೇ ಒಂದು ಪಾಲು. ಲೋಕವೆಲ್ಲ ಬಳಸುವ ಅಳತೆ ಅದೇ, ಇಂಜಿನು ಬೋಗಿ ಪೆಟ್ಟಿಗೆಯಲ್ಲಿ ಸಿದ್ಧವಾಗಿಯೇ ಬರುತ್ತವೆ. ನನ್ನದು ಅರವತ್ತನಾಲ್ಕನೇ ಒಂದು. ತುಸು ದೊಡ್ಡದು, ಕೈಯಲ್ಲೇ ಮಾಡಬೇಕು.

ಎರಡು ವರ್ಷ ಈ ಧರ್ಮಪ್ರಚಾರ ಮಾಡಿದೆ. ನಿಮ್ಮ ಹಳಿಯ ಅಗಲ ಹದಿನಾರೂವರೆ ಮಿಲಿಮೀಟರ್. ಎಂಬತ್ತೇಳರಿಂದ ಗುಣಿಸಿದರೆ ನಮ್ಮ ಜಿಲ್ಲೆಯಲ್ಲಿ ಎಂದೂ ಇಲ್ಲದ ಪರದೇಶದ ಹಳಿ ಬರುತ್ತದೆ. ಅರವತ್ತನಾಲ್ಕರಿಂದ ಗುಣಿಸಿ: ಒಂದು ಮೀಟರು, ಮೇಲೆ ಮೂರು ಬೆರಳು. ನಾವೆಲ್ಲ ಚಿಕ್ಕಂದಿನಲ್ಲಿ ಕೂತ ಮೀಟರ್ ಗೇಜ್ ಅದೇ. ಹೊಸ ಹಳಿ ಬೇಡ, ಬೋಗಿ ಮಾತ್ರ ಮಾಡಿ. ಫ್ಯಾನ್ಸಿ ಅಂಗಡಿಯ ಬೆರಳುದ್ದದ ಕಾರುಗಳೂ ಹೆಚ್ಚುಕಡಿಮೆ ಇದೇ ಅಳತೆ, ಸ್ಟೇಷನ್ನಿನ ಎದುರು ನಿಲ್ಲಿಸಬಹುದು.

ಗಲ್ಫಿನಿಂದ ಮರಳಿ ಬಂಟ್ವಾಳದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟ ಸಾಹೇಬರು ಗಂಭೀರವಾಗಿ ಕೇಳಿ ಹೇಳಿದರು: "ಮಾಷ್ಟ್ರೇ, ನೀವು ಹೇಳುವುದೆಲ್ಲ ಸರಿ ಉಂಟು. ನನ್ನ ಹದಿನೆಂಟು ಜರ್ಮನ್ ಇಂಜಿನನ್ನು ಏನು, ಉಪ್ಪಿನಕಾಯಿ ಹಾಕುವುದಾ?"

ಬಳಗ ನಕ್ಕಿತು. ಒಬ್ಬರೂ ನನ್ನ ಅಳತೆಗೆ ಬರಲಿಲ್ಲ.

ಅಷ್ಟರಲ್ಲಿ ಮಿಜಾರಿನ ಒಂದು ಕಾಲೇಜಿನಲ್ಲಿ ಎರಡು ದಿನದ ಪ್ರದರ್ಶನ ನಿಶ್ಚಯವಾಯಿತು. ಹಳಿ ಕೂರಿಸಿದ ಎಲ್ಲರ ಹಲಗೆ ಸೇರಿಸಿ ಒಂದೇ ದೊಡ್ಡ ದಾರಿ. ಮೂರು ವರ್ಷ ಕೂತು ಮಾಡಿದ ನನ್ನ ಸ್ಟೇಷನ್ನಿಗೂ ಜಾಗ ಸಿಕ್ಕಿತು. ನನ್ನ ಗಾಡಿಗೆ ಗಂಟೆಗೊಂದು ಸುತ್ತು ಎಂದು ಒಪ್ಪಂದ. ಓಡುವುದನ್ನು ಕಂಡರೆ ಒಬ್ಬನಾದರೂ ಒಲಿದಾನು ಎಂಬ ಒಂದೇ ಆಸೆ ಉಳಿದಿತ್ತು. ಸುರಂಗದ ಗುಡ್ಡ ಮಾಡುವ ಹೊಣೆ ಬಳಗದ ಕಾರ್ಯದರ್ಶಿಯದು. ನನ್ನ ಬೋಗಿಯ ಎತ್ತರ, ಅಗಲ ಕಾಗದದಲ್ಲಿ ಬರೆದು ಅವರ ಕೈಗೇ ಕೊಟ್ಟಿದ್ದೆ.

ಮೊದಲ ದಿನ ಬೆಳಿಗ್ಗೆ ಗಾಡಿ ಸುರಂಗದ ಬಾಯಲ್ಲಿ ಸಿಕ್ಕಿಬಿತ್ತು.

"ನಿಮ್ಮ ಬೋಗಿ ತೋರ ಆಯ್ತು ಮಾಷ್ಟ್ರೇ," ಎಂದರು ಕಾರ್ಯದರ್ಶಿ.

"ನಿಮ್ಮ ಗುಡ್ಡೆ ಸಪೂರ ಆಯ್ತು. ಅಳತೆ ಕೊಟ್ಟಿದ್ದೆನಲ್ಲ?"

ಬಗ್ಗಿ ಟಾರ್ಚು ಬಿಟ್ಟೆ. ಗುಡ್ಡವನ್ನು ಕಾಗದ ಅಂಟಿಸಿ ಮಾಡಿದ್ದರು. ಒಳಗೋಡೆಯಲ್ಲಿ ನನ್ನದೇ ಅಕ್ಷರದಲ್ಲಿ ನನ್ನ ಅಳತೆ ಗೋಂದು ಕುಡಿದು ಒಣಗಿತ್ತು. ದಾಖಲೆ ಭದ್ರವಾಗಿತ್ತು ಎಂದು ಒಪ್ಪಲೇಬೇಕು.

ಹಾಗಾಗಿ ನನ್ನ ಪ್ಲಾಟ್‌ಫಾರ್ಮಿಗೆ ಅವರ ರೈಲು ಬಂತು. ಬಾಗಿಲು ಅಲ್ಲಿ ನಿಂತ ನನ್ನ ಗೊಂಬೆ ಜನರ ಮೂಗಿನ ಮಟ್ಟಕ್ಕೆ; ತಂದೆಯ ಪಕ್ಕದ ಮೀನಿನ ಹೆಂಗಸು ತಲೆಯಲ್ಲಿ ಹೊತ್ತ ಬುಟ್ಟಿ ಛಾವಣಿಗೆ ಸಮ. "ಇವರು ಈ ರೈಲಲ್ಲಿ ಕೂತುಕೊಳ್ಳುವುದಾ, ರೈಲನ್ನೇ ಹೊತ್ತುಕೊಂಡು ಹೋಗುವುದಾ?" ಎಂದು ಒಬ್ಬಳು ವಿದ್ಯಾರ್ಥಿನಿ ಕೇಳಿದಳು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಕಾರ್ಯದರ್ಶಿ ನಗಲಿಲ್ಲ.

ಊಟ ಮುಗಿಸಿ ಬಂದು ನೋಡುತ್ತೇನೆ, ಪ್ಲಾಟ್‌ಫಾರ್ಮು ಖಾಲಿ! ಮೇಜಿನ ಕೆಳಗಿನ ಬಿಸ್ಕಿಟು ಡಬ್ಬಿಯಲ್ಲಿ ಬಂಟ್ವಾಳದ ಪ್ರಯಾಣಿಕರೆಲ್ಲ ಒಬ್ಬರ ಮೇಲೊಬ್ಬರು. ಅಡಿಯಲ್ಲಿ ತಂದೆ, ಕೊಡೆ ಮುರಿದು.

"ಅಳತೆ ತಾಳೆ ಆಗುವುದಿಲ್ಲ ಅಂತ ತೆಗೆದದ್ದು," ಎಂದರು ಕಾರ್ಯದರ್ಶಿ. "ಗೊಂಬೆ ಅಲ್ವಾ ಮಾರಾಯ್ರೆ."

"ಅದರಲ್ಲಿ ನನ್ನ ಅಪ್ಪ ಇದ್ದಾರೆ."

ಅವರು ಡಬ್ಬಿಯ ಕಡೆಗೆ ನೋಡಿದರು. ನಾನು ಒಬ್ಬೊಬ್ಬರನ್ನೇ ಮತ್ತೆ ನಿಲ್ಲಿಸಿದೆ. ಬಳಿಕ ನನ್ನ ಗಾಡಿಯನ್ನು ಹಳಿಯ ಮೇಲಿಟ್ಟು, ಸುರಂಗ ಸರಿಯಾಗುವ ತನಕ ಇದು ಹೊರಡುವುದಿಲ್ಲ, ಹಿಂದಿನದೂ ಹೊರಡುವುದಿಲ್ಲ ಎಂದು ಘೋಷಿಸಿದೆ. ಹಿಂದೆ ಸಾಹೇಬರ ಎಕ್ಸ್‌ಪ್ರೆಸ್ ಹದಿನಾಲ್ಕು ಬೋಗಿಯೊಂದಿಗೆ ನಿಂತಿತ್ತು. ಜನ ಸೇರಿದರು.

"ಎಂತ ಮಾಷ್ಟ್ರೇ, ರೈಲ್ ರೋಕೋ ಮಾಡ್ತೀರಾ?" ಎಂದು ಸಾಹೇಬರು ಸಿಡುಕಿದರು. ಹತ್ತು ನಿಮಿಷ ಕಾದು, ಅವರು ತೋಳು ಮಡಚಿ ಕಾರ್ಯದರ್ಶಿಯ ಕಡೆ ತಿರುಗಿದರು. "ಹೈವೇಗೆ ಗುಡ್ಡೆಗೆ ಗುಡ್ಡೆಯೇ ತೆಗೀತಾರೆ. ಇದೊಂದು ತೆಗೀಲಿಕ್ಕೆ ಏನು?" ಎನ್ನುತ್ತ ಗುಡ್ಡವನ್ನು ಮರಗಿಡ ಸಮೇತ ಎತ್ತಿ ಗೋಡೆ ಬದಿಗಿಟ್ಟರು.

ನನ್ನ ಗಾಡಿ ಓಡಿತು. ಮೂರೇ ಬೋಗಿ, ಹಳೆಯ ಗಾಡಿಯ ಹಾಗೆಯೇ ಮೆಲ್ಲಗೆ, ಸ್ವಲ್ಪ ಓಲಾಡುತ್ತ. ಸಾಹೇಬರು ಮೇಜಿಗೆ ಗಲ್ಲ ತಾಗಿಸಿ ನೋಡುತ್ತಿದ್ದರು.

"ಒಂದು ಬೋಗಿಯ ಅಳತೆ ಬರೆದು ಕೊಡಿ. ಒಂದೇ ಸಾಕು. ಆದರೆ ನನ್ನ ಜರ್ಮನ್ ಇಂಜಿನು ನಾನು ಬಿಡುವುದಿಲ್ಲ."

"ಬರೆದು ಕೊಡುವುದಿಲ್ಲ," ಎಂದೆ. "ಗುಡ್ಡೆಗೆ ಅಂಟಿಸ್ತಾರೆ. ಮನೆಗೆ ಬನ್ನಿ, ಬಾಯಲ್ಲಿ ಹೇಳ್ತೇನೆ."

ಅವರು ಬಂದರು, ಬೋಗಿ ಮಾಡಿದರು; ಅದಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ. ಆದರೆ ಮೀನಿನ ಹೆಂಗಸು ಆ ಡಬ್ಬಿಯಲ್ಲಿ ಸಿಗಲೇ ಇಲ್ಲ. ಪ್ರತಿ ಸಭೆಯಲ್ಲಿ ನಾನು ಮೊದಲು ಕೇಳುವುದು ಅವಳ ವಿಷಯ. "ಹುಡುಕ್ತಾ ಇದ್ದೇವೆ," ಎನ್ನುತ್ತಾರೆ ಕಾರ್ಯದರ್ಶಿ, ಕಡತದಿಂದ ಕಣ್ಣೆತ್ತದೆ. ಇನ್ನೊಬ್ಬಳನ್ನು ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಮಾಡುವುದಿಲ್ಲ. ತಂದೆಯ ಪಕ್ಕದಲ್ಲಿ ಅವಳ ಪಾದಗಳಿದ್ದಲ್ಲಿ ಅಂಟಿನ ಎರಡು ಕಲೆ ಉಳಿದಿವೆ. ಎಂಬತ್ತೇಳರ ಅಳತೆಯವರು ಬಂದಾಗಲೆಲ್ಲ ಆ ಕಲೆ ನೋಡಲಿ.