ನೀರು ಮುಟ್ಟದ ಏಕನಾಥಮ್ಮ

ಏಕನಾಥಮ್ಮ ಸಿಸ್ಟರ್ ನೀರೇ ಕುಡಿಯುವುದಿಲ್ಲ ಎಂಬ ಕೀರ್ತಿ ಹಿರಿಯೂರಿನಿಂದ ಹೊಳಲ್ಕೆರೆಯವರೆಗೆ ಹಬ್ಬಿದೆ. ಹಿಂದಿನ ಜನ್ಮದಲ್ಲಿ ಮಾರಿಕಣಿವೆ ಜಲಾಶಯವನ್ನೇ ಒಂದು ಗುಟುಕಿಗೆ ಕುಡಿದು ಮುಗಿಸಿದ್ದಾಳೆ, ಈ ಜನ್ಮಕ್ಕೆ ಅದೇ ಸಾಕು ಎನ್ನುತ್ತಾರೆ, ಅಳೆದ ನೀರಷ್ಟೇ ಕುಡಿಯಬೇಕಾದ ಡಯಾಲಿಸಿಸ್ ರೋಗಿಗಳು. ಯಾವ ಊರಿನ ಆಸ್ಪತ್ರೆಯಲ್ಲಿ ನರ್ಸ್ ರಜೆ ಹಾಕಿದರೂ ಚಿತ್ರದುರ್ಗದಿಂದ ಬಸ್ಸು ಹತ್ತಿ ಅಲ್ಲಿ ಪ್ರತ್ಯಕ್ಷಳಾಗುವ ಈ ದಂಡನಾಯಕಿ, ಬಾಗಿಲಲ್ಲೇ "ಯಾರ್ರಿ ಕದ್ದು ನೀರು ಕುಡ್ದೋರು? ತೂಕದ ಮಿಷಿನ್ನಿಗೆ ಸುಳ್ಳು ಹೇಳಕ್ಕೆ ಬರಲ್ಲ!" ಎಂದು ಗುಡುಗುತ್ತಾಳೆ. ಆಮೇಲೆ ಯಂತ್ರಗಳು ಗುಂಯ್‌ಗುಡುತ್ತವೆ, ರಕ್ತ ಕೊಳವೆಗಳಲ್ಲಿ ಸುತ್ತಾಡಿ ಮರಳುತ್ತದೆ, ಹೊಸದುರ್ಗದ ಕುರಿಗಾಹಿ ಪಾಪಣ್ಣನ ಕಣ್ಣು ಮುಚ್ಚುತ್ತದೆ. ಕನಸಿನಲ್ಲಿ ಅವನ ಕುರಿಗಳು ನೀರಿನ ಮೇಲೆ ನಡೆದಾಡಿ ಮೇಯುತ್ತವೆ. ಕೆರೆಯೊಂದು ತಾನೇ ಎದ್ದು ಬಂದು ಮಂಚದ ಪಕ್ಕ ಕುಳಿತು, "ಒಂದೇ ಗುಟುಕು, ಪಾಪಣ್ಣ" ಎನ್ನುತ್ತದೆ. ಹಿಂದೊಮ್ಮೆ ಆ ಮಾತಿಗೆ ಮರುಳಾಗಿ ಮನೆಯಲ್ಲಿ ಚೊಂಬುಗಟ್ಟಲೆ ಕುಡಿದು, ಉಸಿರು ಸಿಕ್ಕಿಕೊಂಡು ಸಾಯುವುದರಲ್ಲಿದ್ದ. ಈಗ, ಸಿಸ್ಟರೇ ಬಾಯಾರಿ ನಿಂತಿರುವಾಗ ತನಗೇಕೆ ಎಂದು ಕೆರೆಯನ್ನು ವಾಪಸು ಕಳಿಸುತ್ತಾನೆ. ಇವತ್ತು ಅವನಿಗೆ ಎಚ್ಚರವಾದಾಗ, ಅವಳು ಅವನ ಪಾಲಿನ ಅರ್ಧ ಲೋಟ ನೀರು ಹಿಡಿದು ನಿಂತು, ತನ್ನ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದಳು. ಪಾಪಣ್ಣನ ಕಣ್ಣು ತುಂಬಿತು. "ನಮ್ ಸಲುವಾಗಿ ತಾನೇ ತಾಯಿ, ನೀನು ನೀರು ಬಿಟ್ಟಿರಾದು?" "ಇಲ್ಲ ಕಣಜ್ಜ," ಎಂದಳು ಏಕನಾಥಮ್ಮ, "ಕುಡಿದ್ರೆ ಒಂದಕ್ಕೆ ಹೋಗಬೇಕಾಗ್ತೈತಲ್ಲ, ನಡುದಾರೀಲಿ ಬಸ್ಸು ಯಾರು ನಿಲ್ಲಿಸ್ತಾರೆ?"