ಗೇಟು ದಾಟಿದ ಮೇಲೆ ಎಷ್ಟು ಮಾಸ್ಕ್

ಕೊರೊನಾದ ಎರಡನೇ ವರ್ಷ, ಬಸ್ಸುಗಳು ಮತ್ತೆ ಓಡತೊಡಗಿದಾಗ, ನಾನು ನಮ್ಮೂರು ಕೋರಮಂಡಲ್‌ನಿಂದ ಬಂಗಾರಪೇಟೆಯ ಔಷಧಿ ಅಂಗಡಿಗೆ ದಿನವೂ ಕೆಲಸಕ್ಕೆ ಹೋಗುತ್ತಿದ್ದೆ. ಬಸ್ಸಿನಲ್ಲಿ ಎಷ್ಟು ಜನ, ಅವರಲ್ಲಿ ಎಷ್ಟು ಮುಖಕ್ಕೆ ಮಾಸ್ಕ್ ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಅದನ್ನು ದಿನಾ ಕೇಳುತ್ತಿದ್ದವಳು ಅಮ್ಮ ಮಾತ್ರ. ಅವಳಿಗೆ ಉಬ್ಬಸ. ಬಂಗಾರಪೇಟೆಯಿಂದಾಚೆ ಬೂದಿಕೋಟೆಯಲ್ಲಿ ಅವಳ ಅಕ್ಕ, ನನ್ನ ದೊಡ್ಡಮ್ಮ, ಸೊಂಟ ಮುರಿದು ಹಾಸಿಗೆ ಹಿಡಿದಿದ್ದಳು.

“ಅರ್ಧಕ್ಕಿಂತ ಜಾಸ್ತಿ ಜನ ಆಕ್ಕೊಂಡಿದ್ದ ದಿನ ನಂಗೇಳು, ಓಗಿ ಅಕ್ಕನ್ನ ನೋಡ್ಕೊಂಡ್ ಬತ್ತೀನಿ. ಟೀವಿನೋರ ಮಾತು ನಂಗ್ಬ್ಯಾಡ ಕಣ್ಲಾ, ನಿನ್ ಲೆಕ್ಕ ಸಾಕು,” ಎಂದಿದ್ದಳು.

ಬಂಗಾರಪೇಟೆಗೆ ಮೊದಲು ಒಂದು ಗೇಟಿನಲ್ಲಿ ಪೊಲೀಸರು ಬಸ್ಸು ನಿಲ್ಲಿಸಿ ಮಾಸ್ಕ್ ತಪಾಸಣೆ ಮಾಡುತ್ತಿದ್ದರು. ನಮ್ಮ ಕಂಡಕ್ಟರ್ ಕಂಬಿಗೆ ದಾರ ಕಟ್ಟಿ ಹತ್ತು ಹನ್ನೆರಡು ಮಾಸ್ಕ್ ನೇತುಹಾಕಿದ್ದ. ಗೇಟು ಹತ್ತಿರವಾದಾಗ ಇಲ್ಲದವರಿಗೆ ಹಂಚುವುದು, ದಾಟಿದ ಮೇಲೆ ವಾಪಸ್ ಪಡೆದು ನಾಳೆಗೆ ನೇತುಹಾಕುವುದು.

“ಮೂತಿ ಮುಚ್ಕೊಳ್ರಪ್ಪಾ, ಗೇಟ್ ಬಂತು!”

“ಅಣ್ಣಾ, ಇದನ್ನ ನಿನ್ನೆ ಯಾರ್ ಆಕ್ಕೊಂಡಿದ್ರು?” ಎಂದ ಒಬ್ಬ ಪ್ರಯಾಣಿಕ.

“ಒಗ್ದಿದೀನಿ ಬುಡಪ್ಪ, ನಿನ್ ಶರ್ಟ್‌ಗಿಂತ ಕ್ಲೀನಾಗೈತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದಿನಿಂದ ಗೇಟು ದಾಟಿದ ಮೇಲೆಯೇ ಎಣಿಸತೊಡಗಿದೆ. ಗದ್ದದಲ್ಲಿ ನೇತಾಡುವ ಮಾಸ್ಕ್ ಲೆಕ್ಕಕ್ಕಿಲ್ಲ. ಸೋಮವಾರ ನಲವತ್ತಮೂರರಲ್ಲಿ ಹದಿನಾಲ್ಕು. ಮಂಗಳವಾರ ಮೂವತ್ತೆಂಟರಲ್ಲಿ ಹನ್ನೊಂದು. ಹೀಗೇ ಮೂರು ವಾರ.

ದೊಡ್ಡಮ್ಮ ಫೋನಿನಲ್ಲಿ ಅಮ್ಮನನ್ನು ರೇಗಿಸಿದಳು: “ಏನೇ, ಬಸ್ಸಿಗೆ ಎದ್ರಿಕೊಂಡು ಕುಂತಿದ್ದೀಯಂತೆ? ನಾನ್ ಸತ್ತೋದ್ಮೇಲೆ ಬತ್ತೀಯಾ?” ಅಮ್ಮ ನಗಲು ಹೋಗಿ ಕೆಮ್ಮಿದಳು. ಆಮೇಲೆ ನನ್ನ ಡೈರಿಯ ಕಡೆ ನೋಡಿದಳು.

ಆ ಗುರುವಾರ, ಗದ್ದದವನ್ನೂ ಸೇರಿಸಿದ್ದರೆ ಅರ್ಧ ದಾಟುತ್ತಿತ್ತು. ಸೇರಿಸಲಿಲ್ಲ. ಅಮ್ಮನಿಗೆ, “ಇವತ್ತೂ ಇಲ್ಲ,” ಎಂದೆ.

ಭಾನುವಾರ ಬೆಳಗ್ಗೆ ದೊಡ್ಡಮ್ಮ ತೀರಿಕೊಂಡಳು.

ಅಮ್ಮ ಏನೂ ಕೇಳದೆ ಸೀರೆ ಬದಲಿಸಿ ಬಸ್ಸು ಹತ್ತಿದಳು. ಗೇಟು ದಾಟುವ ಹೊತ್ತಿಗೆ ಅತ್ತು ಅತ್ತು ಉಸಿರು ಸಾಲದೆ ಮಾಸ್ಕನ್ನು ಗದ್ದಕ್ಕೆಳೆದುಕೊಂಡಿದ್ದಳು. ಮಾಸ್ಕ್ ವಾಪಸ್ ಕೇಳುತ್ತ ಬಂದ ಕಂಡಕ್ಟರ್ ಅವಳನ್ನು ನೋಡಿ, ದನಿ ತಗ್ಗಿಸಿ ಮುಂದೆ ಹೋದ. ನಾನು ಅಭ್ಯಾಸದಂತೆ ಎಣಿಸಿಬಿಟ್ಟಿದ್ದೆ. ಮೂವತ್ತೊಂಬತ್ತರಲ್ಲಿ ಹತ್ತೊಂಬತ್ತು. ಅಮ್ಮನ ಮಾಸ್ಕ್ ಮೂಗಿನ ಮೇಲಿದ್ದಿದ್ದರೆ ಇಪ್ಪತ್ತು.

ಡೈರಿಯಲ್ಲಿ ಹತ್ತೊಂಬತ್ತೆಂದೇ ಬರೆದೆ. ಆಮೇಲೆ ಅಮ್ಮ ಯಾವತ್ತೂ ಲೆಕ್ಕ ಕೇಳಲಿಲ್ಲ. ಗುರುವಾರದ ವಿಷಯವನ್ನು ನಾನೂ ಹೇಳಿಲ್ಲ.