ಅತ್ತೆಯ ಹಲ್ಲು, ನನ್ನ ಸಾರು

ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆಂದು ದೆಹಲಿಯ ರಸ್ತೆಗಳನ್ನೆಲ್ಲ ಅಗೆಯುತ್ತಿದ್ದ ಕಾಲ. ಅತ್ತೆ ಊರಿನಿಂದ ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬಂದರು. ಕೆಲವೇ ತಿಂಗಳಲ್ಲಿ ಅವರಿಗೆ ನನ್ನ ಸಾರು ರುಚಿಸದಾಯಿತು. ಇಲ್ಲಿಯ ನೀರೇ ಹೀಗೆ ಎಂದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ತಟ್ಟೆ ಸರಿಸಿದರು.

ನನಗೂ ಹಟ ಬಂತು. ಉಪ್ಪು, ಹುಳಿ, ಖಾರ ಏರಿಸುತ್ತಲೇ ಹೋದೆ. ಯಜಮಾನರೂ ಮಗಳೂ ತುಟಿ ಬಿಚ್ಚದೆ ಉಂಡು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದರು. ಅತ್ತೆಗೆ ಮಾತ್ರ ಎಲ್ಲವೂ ಸಪ್ಪೆ. ಚಾಣಕ್ಯಪುರಿಯ ನಮ್ಮ ರಾಜ್ಯದ ಅತಿಥಿಗೃಹದಿಂದ ಯಜಮಾನರು ಸಾರು ತಂದರೆ, "ಅಲ್ಲಿ ಅಡಿಗೆಯವನೂ ಇವಳ ತವರಿನವನಾ?" ಎಂದರು. ಎರಡು ತುತ್ತಿಗೇ ಕೈ ತೊಳೆಯುತ್ತಿದ್ದರು. ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದಾಗ ನನ್ನ ಸಿಟ್ಟು ಇಳಿದು ಭಯ ಹತ್ತಿತು. ಡಾಕ್ಟರ ಬಳಿ ಕರೆದೊಯ್ದೆ.

"ಮಾತಾಜೀ, ದಾಂತ್ ನಿಕಾಲಿಯೇ" ಎಂದರು ಡಾಕ್ಟರು, ಹಲ್ಲು ತೆಗೆಯಿರಿ ಎಂದು. ಅತ್ತೆಯದು ಕಟ್ಟಿಸಿಕೊಂಡ ಹಲ್ಲು. ಸೊಸೆಯ ಮುಂದೆ ಬೊಚ್ಚುಬಾಯಿ ತೆರೆಯುವ ಅತ್ತೆ ಲೋಕದಲ್ಲಿ ಉಂಟೇ? ನಮ್ಮ ಮನೆಗೆ ಬಂದಾಗಿನಿಂದ ಮಲಗುವಾಗಲೂ ಅದನ್ನು ತೆಗೆದಿರಲಿಲ್ಲವಂತೆ. ನಾನು ಹೊರಗೆ ಹೋಗೋಣವೆಂದರೆ ಅವರಿಗೆ ಹಿಂದಿ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಕೊನೆಗೆ ಗೋಡೆಯತ್ತ ಮುಖ ಮಾಡಿ ನಿಂತು, ಕ್ಯಾಲೆಂಡರ್ ನೋಡುತ್ತ ಇಬ್ಬರ ಮಾತನ್ನೂ ದಾಟಿಸಿದೆ.

"ಹಲ್ಲಿನ ಸೆಟ್ಟಿನ ಅಡಿಯೆಲ್ಲ ಫಂಗಸ್ ಅಂತೆ ಅತ್ತೆ, ಬೂಷ್ಟು. ಅದಕ್ಕೇ ರುಚಿ ತಿಳೀತಿಲ್ಲ, ಊಟ ಸೇರ್ತಿಲ್ಲ."

"ಬೂಷ್ಟು ಹಿಡಿಯೋದು ಉಪ್ಪಿನಕಾಯಿಗೆ ಕಣೇ. ಒದ್ದೆ ಸೌಟು ಹಾಕಿದ್ರೆ."

"ಹಗಲೂ ರಾತ್ರಿ ಒದ್ದೆ ಬಾಯಲ್ಲೇ ಹಲ್ಲು ಬಿಟ್ಟಿದ್ದೀರಲ್ಲ, ಇದೂ ಅಷ್ಟೇ."

"ಔಷಧ ಏನಂತೆ ಕೇಳು" ಎಂದರು ಅತ್ತೆ ಬೆನ್ನ ಹಿಂದಿನಿಂದ. ಉಪ್ಪಿನಕಾಯಿ ಕೆಡಿಸಿದ ಯಾರನ್ನೂ ಅತ್ತೆ ಈವರೆಗೆ ಕ್ಷಮಿಸಿದವರಲ್ಲ.

ಅಂದಿನಿಂದ ಬಾಯಿಗೆ ಔಷಧದ ಹನಿ ಬಿದ್ದಿತು. ಮಲಗುವಾಗ ಹಲ್ಲು ಉಜ್ಜಿ ತೊಳೆದು ಸ್ಟೀಲ್ ಡಬ್ಬಿಯ ನೀರಿಗೆ ಹಾಕಿ, ಅತ್ತೆ ಬಾಯಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದರು. ಕೆಲವು ದಿನ ಕಳೆದು ಒಂದು ಮಧ್ಯಾಹ್ನ, ಸಾರನ್ನದ ತುತ್ತು ಬಾಯಿಗಿಟ್ಟವರು ಮುಖ ಕಿವಿಚಿದರು.

"ಏನಿದು, ಉಪ್ಪಿನ ಮೂಟೆ ಬಗ್ಗಿಸಿದ್ದೀಯಾ? ಮನುಷ್ಯರು ತಿನ್ನೋದಾ ಇದು?"

ಯಜಮಾನರು ನೀರಿನ ಲೋಟ ಕೆಳಗಿಟ್ಟರು. "ಥ್ಯಾಂಕ್ಯೂ ಅಜ್ಜಿ" ಎಂದಳು ಮಗಳು. ನನಗೆ ಅಳುವೇ ಬಂತು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಅತ್ತೆ ತಟ್ಟೆಯನ್ನು ನನ್ನತ್ತ ಚಾಚಿದರು. "ನೋಡ್ತಾ ನಿಂತ್ಯಲ್ಲ. ಬರೀ ಅನ್ನ ಹಾಕಿ ಮೊಸರು ಬಡಿಸು. ಹಸಿವಾಗ್ತಿದೆ."